ಬೀಳದ ಮೇಷ್ಟರು

ನಮ್ಮ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟರು ಬೀಳುವುದಿಲ್ಲ. ಬೀಳುವುದೇನಿದ್ದರೂ ಮುದುಕರ ಕೆಲಸ, ಇವರಿಗಿನ್ನೂ ಬರೀ ಎಪ್ಪತ್ತೊಂಬತ್ತು. ಹೋದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗಲೂ, ಕೆಳಗೆ ಬಿದ್ದರೂ ಮೀಸೆ ಮಣ್ಣಾಗದ ಈ ಮಹಾಶಯರು ಡಾಕ್ಟರಿಗೆ ಹೇಳಿದ್ದು, "ಬಿದ್ದಿಲ್ಲ ಸ್ವಾಮಿ, ಸ್ವಲ್ಪ ಜೋರಾಗಿ ಕೂತೆ" ಎಂದು. ಮೂಳೆ ಟೊಳ್ಳಾಗಿದೆಯೆಂದು ಡಾಕ್ಟರು ಕೊಟ್ಟ ಮಾತ್ರೆಗಳನ್ನು ಗುಲಾಬಿ ಕುಂಡಕ್ಕೆ ಹಾಕುತ್ತಾರೆ. ಗಿಡವಂತೂ ಅಟೆನ್ಶನ್ನಿನಲ್ಲಿ ನಿಂತಿದೆ. ಮಗಳು ತಂದುಕೊಟ್ಟ ಊರುಗೋಲಿನಿಂದ ಜೇಡರಬಲೆ ತೆಗೆಯುತ್ತಾರೆ, ಅದೂ ಸ್ಟೂಲು ಹತ್ತಿ. ಬಚ್ಚಲ ಗೋಡೆಗೊಂದು ಹಿಡಿಕೆ ಹಾಕಿಸೋಣವೆಂದು ಸೊಸೆ ಬಾಯಿಬಿಟ್ಟರೆ, "ಇದೇನಮ್ಮ, ಮನೇನೋ ಬಸ್ಸೋ?" ಎಂದು ಬಾಯಿ ಮುಚ್ಚಿಸುತ್ತಾರೆ. ಇಷ್ಟೆಲ್ಲ ಪ್ರತಾಪದ ನಡುವೆ ಅವರಿಗೊಂದು ಕಡುಕೋಪವಿದೆ: ಅವರ ಮಂಚದಿಂದ ಬಚ್ಚಲಿನವರೆಗೆ, ಗೋಡೆಯ ಹೊಸ ಬಣ್ಣದ ಮೇಲೆ, ಸೊಂಟದೆತ್ತರಕ್ಕೆ ಎಳೆದಂತೆ ಒಂದು ಕೊಳಕು ಪಟ್ಟಿ. "ಯಾರಮ್ಮ ಗೋಡೆ ಸವರ್ಕೊಂಡು ಓಡಾಡೋದು?" ಎಂದು ದಿನಾ ಕೂಗುತ್ತಾರೆ. "ಮಕ್ಕಳಿರ್ಬೇಕು ಮಾವ" ಎನ್ನುತ್ತಾಳೆ ಸೊಸೆ. ಆ ಮನೆಯ ಕಿರಿಯ ಮೊಮ್ಮಗನಿಗೆ ಮೊನ್ನೆ ಇಪ್ಪತ್ತೆರಡು ತುಂಬಿತು. ಆ ಪಟ್ಟಿ ಬಚ್ಚಲಿನ ಹತ್ತಿರ ಮೂರು ಹೆಜ್ಜೆಯಷ್ಟು ತುಂಡಾಗುತ್ತಿತ್ತು, ಅಲ್ಲಿ ಗೋಡೆಯಿಲ್ಲ. ಹೋದ ತಿಂಗಳು ಸೊಸೆ ಯಾರಿಗೂ ಹೇಳದೆ ಅಡುಗೆಮನೆಯ ಭಾರದ ಮೇಜನ್ನು ಎಳೆದು ತಂದು ಆ ಜಾಗದಲ್ಲಿಟ್ಟಳು. ದಾರಿಗೆ ಅಡ್ಡವೆಂದು ಮೇಷ್ಟರು ವಾರಪೂರ್ತಿ ಕೂಗಾಡಿದರು. ಈಗ ಮೇಜಿನ ಅಂಚೂ ಕಪ್ಪಾಗಿದೆ.