ಬಾಯಾಕಾಶ

ಮಗ್ಗದ ಮನೆಯವರಿಗೆ ಪಿಸುಗುಡುವುದು ಬರುವುದಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹೊತ್ತು ಹುಟ್ಟಿದಾಗಿನಿಂದ ಪವರ್‌ಲೂಮುಗಳು ಬಡಿದುಕೊಳ್ಳುತ್ತಲೇ ಇರುತ್ತವೆ. ಕಾಫಿ ಆರುತ್ತಿದೆ ಬಾ ಅನ್ನಬೇಕಾದರೂ ಆ ಸದ್ದಿನ ಮೇಲಿಂದ ಕೂಗಬೇಕು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಮಾತಾಡುವುದೇ ಹೀಗೆ. ನನ್ನ ಪ್ರಕಾರ ಪಿಸುಮಾತು ಅಂದರೆ ಪಕ್ಕದ ಮನೆಗೆ ಕೇಳಿ, ಎದುರು ಮನೆಗೆ ಕೇಳಿಸದೆ ಇರುವುದು.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಬಾಯಿ ಮುಚ್ಚಿಕೊಂಡಿರದಿದ್ದರೆ ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಬಾರದು ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಈ ಗಂಟಲಿನ ದೆಸೆಯಿಂದಲೇ.

ನನ್ನ ಮಗಳು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ಅವಳ ಸಂಸಾರ ಮೇಲಿನ ಮಹಡಿಯಲ್ಲಿ, ಕೆಳಗೆ ನಾನು ಮತ್ತು ಮಗ್ಗ. ಅವಳಿಗೂ ಅವಳ ಮಗಳಿಗೂ ರಾಕೆಟ್ಟು, ಬೇರೆ ಗ್ರಹ, ಮೂರು ಕಣ್ಣಿನ ಪ್ರಾಣಿ ಇರುವ ಸಿನಿಮಾ ಅಂದರೆ ಪ್ರಾಣ. ನೋಡುವುದಕ್ಕಿಂತ ಹೆಚ್ಚಾಗಿ, ನೋಡಿಬಂದು ಅದರಲ್ಲಿನ ತಪ್ಪು ಹುಡುಕುವುದರಲ್ಲಿ ಅವರಿಗೆ ಸುಖ. ಟೀವಿಯಲ್ಲಿ ಅವರ ಜೊತೆ ನೋಡಿ ನೋಡಿ ನನಗೂ ಆ ಚಟ ಹತ್ತಿಕೊಂಡಿತು.

ಆದರೆ ಮಗಳು ಹಿಡಿಯುವ ತಪ್ಪೇ ಬೇರೆ, ನಾನು ಹಿಡಿಯುವ ತಪ್ಪೇ ಬೇರೆ. ಗ್ರಹದಿಂದ ಗ್ರಹಕ್ಕೆ ಹಾರುವ ಹಡಗು ಢಮಾರ್ ಅಂತ ಸಿಡಿದರೆ, ಅಲ್ಲಿ ಗಾಳಿಯೇ ಇಲ್ಲ, ಸದ್ದು ಎಲ್ಲಿಂದ ಬಂತು ಎಂದು ಅವಳು ಗೊಣಗುತ್ತಾಳೆ. ಸದ್ದು ಬಂದರೆ ಬರಲಿ ಬಿಡು ಎನ್ನುವವಳು ನಾನು. ಹತ್ತು ತಲೆಯವನನ್ನೇ ಕೇಳದವಳು ಸದ್ದನ್ನು ಕೇಳುತ್ತೇನೆಯೇ? ಆದರೆ ಮೊದಲು ಹತ್ತು ತಲೆ ತೋರಿಸಿ ಆಮೇಲೆ ಒಂಬತ್ತೇ ತೋರಿಸಿದರೆ, ಉಳಿದದ್ದೆಲ್ಲಿ ಎಂದು ಕೇಳಿಯೇ ಕೇಳುತ್ತೇನೆ. ಸುಳ್ಳು ಹೇಳುವವನು ಕೊನೆಯವರೆಗೆ ಅದೇ ಸುಳ್ಳಿಗೆ ನಿಯತ್ತಾಗಿರಬೇಕು. ಅಷ್ಟೇ ನನ್ನ ವಾದ.

ನನ್ನನ್ನು ಮೊದಲ ಸಲ ದೊಡ್ಡ ಮಾಲಿಗೆ ಕರೆದುಕೊಂಡು ಹೋದ ದಿನ ಅಂಥದೇ ಒಂದು ಹಡಗಿನ ಕಥೆ ನೋಡಿದೆವು. ಬಾಗಿಲು ಗೇಣಗಲ ತೆರೆದರೂ ಒಳಗಿದ್ದವರೆಲ್ಲ ಸತ್ತಂತೆಯೇ ಎಂದು ಕ್ಯಾಪ್ಟನ್ ಶುರುವಿನಲ್ಲೇ ಎಚ್ಚರಿಸುತ್ತಾನೆ. ಕೊನೆಯಲ್ಲಿ ಅದೇ ಬಾಗಿಲು ಹಾರುಹೊಡೆದಿದೆ, ಕ್ಯಾಪ್ಟನ್ ಅದರ ಮುಂದೆಯೇ ನಿಂತು ಒಬ್ಬನ ಜೊತೆ ಹೊಡೆದಾಡುತ್ತಿದ್ದಾನೆ. ಅಲ್ಲಾಡುತ್ತಿರುವುದು ಅವನ ಕೂದಲು ಮಾತ್ರ. ನಾನು ಮಗಳ ಕಡೆಗೆ ಬಗ್ಗಿ ಮೆಲ್ಲಗೆ ಹೇಳಿದೆ:

"ಇವ್ನು ಯಾವಾಗ್ಲೋ ಸಾಯ್ಬೇಕಿತ್ತಲ್ಲೇ."

ಅಷ್ಟು ದೊಡ್ಡ ಥಿಯೇಟರೇ ತಿರುಗಿ ನೋಡಿತು. ಮುಂದಿನ ಸಾಲಿನಲ್ಲಿ ಮಗಳ ಇಬ್ಬರು ವಿದ್ಯಾರ್ಥಿನಿಯರು ಕೂತಿದ್ದರಂತೆ. ಅವರು ನಗುವುದನ್ನು ಕಂಡು ಅವಳು ಸೀಟಿನಲ್ಲಿ ಕುಗ್ಗಿಹೋದಳು. ವಾಪಸು ಬರುವಾಗ ಕಾರಿನಲ್ಲಿ ಮೊಮ್ಮಗಳು ತೀರ್ಪು ಕೊಟ್ಟಳು. ಇನ್ನು ಮೇಲೆ ಅಜ್ಜಿ ಏನೇ ತಪ್ಪು ಕಂಡರೂ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕು, ಅದೂ ಬರೆದು. ಧ್ವನಿ ಕಳಿಸಿದರೆ ನನ್ನ ಮಾತಿಗಿಂತ ಮಗ್ಗದ ಸದ್ದೇ ಹೆಚ್ಚು ಕೇಳುತ್ತದಂತೆ.

ಬರೆಯಲು ಕಲಿತೆ. ಒತ್ತಕ್ಷರ ಎಲ್ಲಿ ಅಡಗಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕಾದದ್ದು ಮರೆತುಹೋಗುತ್ತಿತ್ತು. ಆದರೂ ಹಟ ಹಿಡಿದು ಒಂದು ಮಧ್ಯಾಹ್ನವಿಡೀ ಕೂತು ಬರೆದೆ. ಬಾಯಾಕಾಶದಲ್ಲಿ ಬಾಗಿಲು ತೆರೆದವನು ಬದುಕಿದ್ದು ಹೇಗೆ, ಉತ್ತರ ಬೇಕು.

ಮೇಲಿನ ಮಹಡಿಯಿಂದ ನಗು ಕೇಳಿಸಿತು. ಮೊಮ್ಮಗಳು ಮೆಟ್ಟಿಲಿಳಿದು ಓಡಿಬಂದಳು. "ಅಜ್ಜಿ, ಅದು ಬಾಹ್ಯಾಕಾಶ. ನೀನು ಬರ್ದಿರೋದು ಬಾಯಿಯ ಆಕಾಶ."

ನಾನು ಹುಟ್ಟಿದಾಗಿನಿಂದ ಅದನ್ನು ಬಾಯಾಕಾಶ ಎಂದೇ ಕೇಳಿದ್ದೆ. ರೇಡಿಯೋದವರು ಹಾಗೇ ಹೇಳುತ್ತಿದ್ದರೋ, ನನ್ನ ಕಿವಿಗೆ ಹಾಗೆ ಬೀಳುತ್ತಿತ್ತೋ. ಸಂಜೆಯ ಹೊತ್ತಿಗೆ ನನಗೆ ಬಾಯಾಕಾಶದ ಅಜ್ಜಿ ಎಂದು ಹೆಸರಾಯಿತು. ಮಗಳಂತೂ ನಗುವುದರ ಜೊತೆಗೆ ಚುಚ್ಚಿದಳು. ಸೀರಿಯಲ್ಲಿನಲ್ಲಿ ಬೆಂಕಿಗೆ ಬಿದ್ದವಳು ಬೇರೆ ಮುಖ ಹೊತ್ತು ಬಂದರೆ ಕಣ್ಣೀರು ಹಾಕಿಕೊಂಡು ನೋಡುತ್ತೀಯಲ್ಲ, ಅದನ್ನು ಯಾಕೆ ಕೇಳುವುದಿಲ್ಲ ಎಂದಳು. ಆಪರೇಷನ್ ಆಯಿತು ಎಂದು ಡಾಕ್ಟರು ಹೇಳಿದರಲ್ಲ, ಹೇಳಿದ ಮೇಲೆ ಮುಗಿಯಿತು ಎಂದೆ. ನಿಮ್ಮ ಕ್ಯಾಪ್ಟನ್ ಏನು ಹೇಳಿದ್ದ? ಆ ಪದವನ್ನಂತೂ ನಾನು ತಿದ್ದಲಿಲ್ಲ. ಈಗಲೂ ಬಾಯಾಕಾಶ ಎಂದೇ ಬರೆಯುತ್ತೇನೆ. ಒತ್ತಕ್ಷರ ಹುಡುಕುವ ಕೆಲಸವೂ ತಪ್ಪುತ್ತದೆ.

ಅದೇ ಸಿನಿಮಾದ ಎರಡನೆಯ ಭಾಗ ಬರುತ್ತದೆ ಎಂದಾಗ ನಾನು ಆಗಲೇ ಸೀರೆ ತೆಗೆದಿಟ್ಟಿದ್ದೆ. ಮೊದಲ ಭಾಗದ ಕೊನೆಯಲ್ಲಿ ಕ್ಯಾಪ್ಟನ್ನಿನ ಎಡಗೈ ಜಜ್ಜಿಹೋಗಿ ಕಬ್ಬಿಣದ ಕೈ ಹಾಕಿದ್ದರು. ಅವನು ಏನಾದ ಎಂದು ನೋಡಲೇಬೇಕಿತ್ತು. ಮಗಳು ಕಾಲೇಜಿನಿಂದ ಬಂದವಳು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು.

"ಅಮ್ಮ, ನಿಂಗೂ ಸೇರ್ಸಿ ಟಿಕೆಟ್ ಮಾಡ್ತೀನಿ. ಆದ್ರೆ ಒಂದು ಮಾತು ಕೊಡು. ಮುಗಿಯೋವರ್ಗೂ ಬಾಯಿ ಬಿಡಲ್ಲ ಅಂತ."

"ಅಂಥದ್ದೇನಾದ್ರೂ ಕಂಡ್ರೆ?"

"ಕಂಡ್ರೂ."

ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಎಸಿಯ ತಂಪು, ಒರಗುವ ಕುರ್ಚಿ, ಮಡಿಲಲ್ಲಿ ಮೊಮ್ಮಗಳ ಪಾಪ್‌ಕಾರ್ನ್. ಆದರೆ ಹೇಳಿದ ಮಾತು ಉಳಿಸಿಕೊಳ್ಳಲಿಲ್ಲ ಎಂದು ಆ ಕ್ಯಾಪ್ಟನ್ನನ್ನು ಊರೆಲ್ಲ ಬೈದವಳು ನಾನು. ಉಳಿಸಿಕೊಳ್ಳಲಾಗದ ಮಾತನ್ನು ನಾನೇ ಹೇಗೆ ಕೊಡಲಿ?

"ಕೊಡಲ್ಲ ಕಣೇ," ಅಂದೆ. "ನೀವು ಹೋಗ್ಬನ್ನಿ."

ಅವಳಿಗೆ ಬೇಜಾರಾಯಿತು. ನನಗೂ ಆಯಿತು. ಇಬ್ಬರೂ ತೋರಿಸಿಕೊಳ್ಳಲಿಲ್ಲ.

ಅವರು ಹೋಗಿಬಂದ ವಾರವೇ ನಮ್ಮ ಕಡೆ ಕರೆಂಟು ತೆಗೆಯುವ ದಿನ ಬಂತು. ಲೈನು ರಿಪೇರಿ ಎಂದು ಬೆಳಗ್ಗೆಯೇ ತೆಗೆದರೆ ಸಂಜೆಗೇ ಮತ್ತೆ ಬರುವುದು. ಅವತ್ತು ಊರಿನ ಮಗ್ಗಗಳೆಲ್ಲ ನಿಲ್ಲುತ್ತವೆ. ನೇಯುವವರಿಗೆ ಕೈ ಕಟ್ಟಿದ ಹಾಗಾಗುತ್ತದೆ. ನಮ್ಮ ಊರಿನ ಹಳೆಯ ಟಾಕೀಸಿನಲ್ಲಿ ಮಾತ್ರ ಜನರೇಟರ್ ಇದೆ, ಅದೇ ಸಿನಿಮಾ ಅಲ್ಲಿಗೂ ಕನ್ನಡದಲ್ಲಿ ಬಂದಿತ್ತು. ಪಕ್ಕದ ಮನೆಯವಳನ್ನು ಎಬ್ಬಿಸಿಕೊಂಡು ಹೊರಟೆ. ನನಗಿಂತ ಚಿಕ್ಕವಳು, ಮಗ್ಗದ ಕಂಡಿಗೆಗೆ ನೂಲು ಸುತ್ತುವವಳು. ರಾಕೆಟ್ಟು ಯಾಕಕ್ಕ, ದೇವರ ಸಿನಿಮಾ ಇಲ್ವಾ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಬಂದಳು.

ಒಳಗೆ ಹೋದರೆ ಅರ್ಧ ಬೀದಿ ಅಲ್ಲೇ ಇತ್ತು. ಎಲ್ಲ ಮಗ್ಗದ ಗಂಟಲುಗಳು. ಹಡಗು ಮೇಲೇಳುವಾಗಲೇ ಹಿಂದಿನ ಸಾಲಿನಲ್ಲಿ ಡೀಸೆಲ್ ಎಷ್ಟು ಕುಡಿಯುತ್ತದೋ ಎಂದು ಚರ್ಚೆ ಶುರುವಾಯಿತು. ನನಗೆ ಮನೆಗೆ ಬಂದ ಹಾಗಾಯಿತು.

ಅರ್ಧ ದಾಟಿರಬೇಕು. ಕ್ಯಾಪ್ಟನ್ ಒಬ್ಬನೇ ಒಂದು ಕೋಣೆಯಲ್ಲಿ ನಿಂತಿದ್ದಾನೆ, ಕಬ್ಬಿಣದ ಕೈಯನ್ನು ಎತ್ತಿ ನೋಡಿಕೊಳ್ಳುತ್ತಿದ್ದಾನೆ. ನೋಡುತ್ತೇನೆ, ಬಲಗೈ. ನಾನು ಎದ್ದು ನಿಂತೇಬಿಟ್ಟೆ.

"ಎಡಗೈ ಹೋಗಿದ್ದು, ಬಲಗೈಗ್ಯಾಕೆ ಹಾಕವ್ರೆ?"

ಹಿಂದಿನಿಂದ ಒಬ್ಬ ಹೇಳಿದ, "ಕೂತ್ಕೊಳ್ಳಮ್ಮೋ, ಅವ್ನು ಕನ್ನಡಿ ನೋಡ್ಕೊತಾವ್ನೆ. ನಮಗೆ ಕಾಣ್ತಿರೋದು ಕನ್ನಡಿ ಒಳಗಿನೋನು."

ಕೆಲವರು ನಕ್ಕರು. ನೋಡಿದರೆ ಸುತ್ತ ಕನ್ನಡಿಯ ಕಟ್ಟು ಇತ್ತು, ನಿಜ. ಮುಖ ಬಿಸಿಯಾಯಿತು. ಪಕ್ಕದ ಮನೆಯವಳು ನನ್ನ ಸೆರಗು ಹಿಡಿದು ಎಳೆದಳು. ಕೂರುವುದರಲ್ಲಿದ್ದೆ, ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಬರೆದ ಇಂಗ್ಲಿಷ್ ಅಕ್ಷರಗಳು ಕಂಡವು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಬಾಚಣಿಗೆಯಂಥ ಆ 'ಇ' ಅಕ್ಷರದ ಹಲ್ಲು ಯಾವ ಕಡೆಗಿರುತ್ತದೆ ಎಂದು ಬಸ್ಸಿನ ಬೋರ್ಡುಗಳಿಂದ ಗೊತ್ತು.

"ಕನ್ನಡಿಯಾದ್ರೆ ಅಕ್ಷರ ಯಾಕೆ ನೆಟ್ಟಗವೆ?"

ಆಮೇಲೆ ಸಿನಿಮಾ ಯಾರು ನೋಡಿದರು? ಒಂದು ಕಡೆಯವರು ನನ್ನ ಪರ, ಇನ್ನೊಂದು ಕಡೆಯವರು ಕನ್ನಡಿಯ ಪರ. ಅಕ್ಷರ ಗೋಡೆಯ ಮೇಲಲ್ಲ, ಕನ್ನಡಿಯ ಮೇಲೆಯೇ ಬರೆದದ್ದು ಎಂದು ಒಬ್ಬಳು ಹೊಸ ತಕರಾರು ತೆಗೆದಳು. ಆ ದೃಶ್ಯ ಹೋಗಿ ಎಷ್ಟೋ ಹೊತ್ತಾಗಿತ್ತು, ಯಾರು ಸರಿ ಎಂದು ತಿರುಗಿ ನೋಡುವ ಹಾಗಿರಲಿಲ್ಲ. ದೇವರ ಸಿನಿಮಾ ಕೇಳಿದವಳು ಮಾತ್ರ ಹೊರಗೆ ಬರುವಾಗ, ಮುಂದಿನ ಸಲವೂ ಕರಿ ಕಣಕ್ಕ ಅಂದಳು.

ಸಂಜೆ ಗುಂಪಿನಲ್ಲಿ ಬರೆದೆ. ಎರಡನೇ ಭಾಗ ನೋಡಿದೆ, ನಿಮಗ್ಯಾರಿಗೂ ಕಾಣದ್ದು ಕಂಡಿದೆ, ಹೇಳುವುದಿಲ್ಲ.

ಮಗಳು ತಕ್ಷಣ ಕೆಳಗಿಳಿದು ಬಂದಳು. ಕೈಯಲ್ಲಿ ಇನ್ನೂ ಸೌಟು. ಏನದು ಎಂದಳು. ಹೇಳುವುದಿಲ್ಲ ಎಂದೆ. ಮತ್ತೆ ಕೇಳಿದಳು. ಕನ್ನಡಿಯಲ್ಲಿ ಕೈ ಅದಲುಬದಲಾಗಿತ್ತು, ಹಿಂದಿನ ಗೋಡೆಯ ಅಕ್ಷರ ಮಾತ್ರ ನೆಟ್ಟಗಿತ್ತು ಎಂದಷ್ಟೇ ಹೇಳಿದೆ. ಅವಳ ಕಣ್ಣು ನನಗೆ ಗೊತ್ತು, ಅದನ್ನು ಅವಳು ಗಮನಿಸಿರಲೇ ಇಲ್ಲ.

"ಉಲ್ಟಾನೇ ಬರ್ದಿರ್ತಾರಮ್ಮ. ಆಂಬುಲೆನ್ಸ್ ಮುಂದೆ ಬರೆಯಲ್ವಾ, ಮುಂದಿನ ಗಾಡಿಯವ್ರ ಕನ್ನಡೀಲಿ ನೆಟ್ಟಗೆ ಕಾಣ್ಲಿ ಅಂತ. ಹಂಗೆ."

"ಆ ಹಡಗಿನ ಮುಂದೆ ಯಾರ ಗಾಡಿ ಹೋಗ್ತಿತ್ತೇ?"

ನಗು ತಡೆದುಕೊಂಡಳು. ಇನ್ನೊಂದು ಸಲ ನೋಡಿದರೆ ಗೊತ್ತಾಗುತ್ತದೆ, ಭಾನುವಾರ ಮಾಲಿಗೆ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ, ಮಾತೂ ಕೊಡಬೇಕಾಗಿಲ್ಲ ಎಂದಳು. ನಾನು ಬೇಡ ಎಂದೆ. ಬರುವುದಾದರೆ ನಮ್ಮ ಟಾಕೀಸಿಗೆ ಬಾ, ಟಿಕೆಟ್ಟು ನಾನು ತೆಗೆಸುತ್ತೇನೆ. ಆದರೆ ಬಾಯಿ ಮುಚ್ಚಿಕೊಂಡು ಕೂರುವವರಿಗೆ ನನ್ನ ಪಕ್ಕ ಸೀಟಿಲ್ಲ.

"ಅಲ್ಲಿ ನಮ್ ಕಾಲೇಜ್ ಮಕ್ಕಳಿರ್ತಾರಮ್ಮ."

"ಇರ್ಲಿ. ಫಿಸಿಕ್ಸ್ ಅಲ್ಲೇ ಹೇಳ್ಕೊಡು."

ಅವಳು ಸೌಟನ್ನೇ ಕನ್ನಡಿಯ ಹಾಗೆ ಹಿಡಿದು, ಬೆಳಕು ಎಲ್ಲಿಂದ ಬಂದು ಎಲ್ಲಿಗೆ ತಿರುಗುತ್ತದೆ ಎಂದು ತೋರಿಸತೊಡಗಿದಳು. ಆಗ ಕರೆಂಟು ಬಂತು, ಮಗ್ಗಗಳು ಒಟ್ಟಿಗೆ ಶುರುವಾದವು. ಅವಳು ನಿಲ್ಲಿಸಲಿಲ್ಲ. ಆ ಸದ್ದಿನ ಮೇಲಿಂದ ಗಂಟಲೆತ್ತಿ, ನಾನು ಹೇಳಿದ್ದು ಯಾಕೆ ತಪ್ಪು ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಲೇ ಇದ್ದಳು.