ಎರಡು ಪಟ್ಟಿ, ಒಂದೇ ಡಿಲೀಟ್

ನಿನ್ನೆ ಬೆಳಿಗ್ಗೆ ಕುಂದಾಪುರದ ನನ್ನ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಯಾರದೋ ಮನೆಯ ನಕ್ಷೆ ಬಿಡಿಸುತ್ತಿದ್ದೆ. ಒಂದು ಗೆರೆಯ ಮೇಲೆ ಮೌಸಿನ ಬಲಗುಂಡಿ ಒತ್ತಿದೆ, ಆಯ್ಕೆಗಳ ಪಟ್ಟಿ ಇಳಿಯಿತು. ಮೂರನೆಯ ಸಾಲಿನಲ್ಲಿ ‘ಡಿಲೀಟ್’. ಪದರದ ಹೆಸರಿನ ಮೇಲೆ ಒತ್ತಿದೆ, ಬೇರೆ ಪಟ್ಟಿ. ಅಲ್ಲೂ ಮೂರನೆಯ ಸಾಲಿನಲ್ಲಿ ಅದೇ ‘ಡಿಲೀಟ್’. ಮೈಯೆಲ್ಲ ಉರಿದುಹೋಯಿತು.

ಪದರವೆಂದರೆ ಒಂದರ ಮೇಲೊಂದು ಹಾಸಿದ ತೆಳು ಹಾಳೆ ಅಂದುಕೊಳ್ಳಿ, ಒಂದೊಂದರಲ್ಲಿ ನೂರಾರು ಗೆರೆ. ಗೆರೆ ಹೋಗುವುದೂ ಹಾಳೆಯೇ ಹೋಗುವುದೂ ಒಂದೇ ಏನ್ರೀ? ಗೆರೆಗೊಂದು, ಅಕ್ಷರಕ್ಕೊಂದು, ಪದರಕ್ಕೊಂದು ಪಟ್ಟಿ ಮಾಡುವಷ್ಟು ತಲೆ ಇದ್ದ ಪುಣ್ಯಾತ್ಮನಿಗೆ ಇಷ್ಟು ಹೊಳೆಯಲಿಲ್ಲವೇ? ಬಣ್ಣ ಬದಲಿಸಲು ಹೋದರೆ ಈ ವಸ್ತುವಿಗೆ ಆಗದು ಎಂದು ಆ ಸಾಲು ಮಂಕಾಗಿ ಕೂರುತ್ತದೆ. ಅಳಿಸುವುದಕ್ಕೆ ಮಾತ್ರ ಯಾವ ವಸ್ತುವಾದರೂ ಆದೀತು!

ಈ ಸಿಟ್ಟು ಹಳೆಯದು. ಹಂಗಾರಕಟ್ಟೆಯಲ್ಲಿ ಮಂಜು ಮೇಸ್ತ್ರಿ ಎಂಬವರು ಮರದ ದೋಣಿ ಕಟ್ಟುತ್ತಿದ್ದರು. ಈಗ ಅವರಿಲ್ಲ. ಮಗಳು ಜಲಜಳಿಗೆ ದೋಣಿ ಕಟ್ಟುವ ಹುಚ್ಚು. ಅಪ್ಪ ಮಾತ್ರ ಜಪ್ಪಯ್ಯ ಅಂದರೂ ಕಲಿಸಲಿಲ್ಲ. ಅತ್ತೂ ಕರೆದೂ ಆದ ಮೇಲೆ, ದೋಣಿಯ ನಕ್ಷೆಯನ್ನಾದರೂ ಕಂಪ್ಯೂಟರಿನಲ್ಲಿ ಬಿಡಿಸಿಡಲೆಂದು ಅವಳು ನನ್ನನ್ನು ಕರೆತಂದಳು.

“ಹೆಣ್ಣಿಗೆ ಹೇಳುದಿಲ್ಲೆ,” ಎಂದ ಮೇಸ್ತ್ರಿ ಮಗಳತ್ತ ತಿರುಗಿದರು. “ಬೇಕಾರೆ ಈ ಪೆಟ್ಟಿಗೆಗೆ ಹೇಳ್ತೆ. ಅದ್ರಿಂದ ನೀ ಎಂತ ತೆಕ್ಕಂತ್ಯೋ ತೆಕ್ಕೊ.”

ಕಂಪ್ಯೂಟರಿಗಿದ್ದ ಮರ್ಯಾದೆ ಹೆತ್ತ ಮಗಳಿಗಿರಲಿಲ್ಲ. ಆಗ ನಕ್ಕಿದ್ದೆ, ಈಗ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ಅವರ ಅಳತೆಯೆಲ್ಲ ಗಂಟು ಹಾಕಿದ ಹುರಿಯಲ್ಲಿ. ಒಂದೊಂದು ಹಲಗೆಗೆ ಒಂದೊಂದು ಹುರಿ. ಅವರು ಹಿಡಿದು ತೋರಿಸುವರು, ನಾನು ಅಳೆದು ಗೆರೆ ಎಳೆಯುವೆ, ಅವರು ಅಲ್ಲೇ ಗಂಟು ಬಿಚ್ಚುವರು. ಮುಂದಿನ ದೋಣಿಗೆ ಹುರಿ ಬೇಕಲ್ಲ! ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂಬ ನಂಬಿಕೆ. ಮೂರು ವಾರ ಹೀಗೇ ನಡೆಯಿತು.

ಕೊನೆಯ ದಿನ ಒಂದು ಸೊಟ್ಟ ಗೆರೆ ತೆಗೆಯಲು ಹೋದೆ. ಒತ್ತಿದ್ದು ಪದರದ ಮೇಲೆ. ಬದಿಹಲಗೆಗಳ ಆ ಪದರವನ್ನು ಕಣ್ಣಿಗೆ ಅಡ್ಡಬರುತ್ತದೆಂದು ಮರೆಮಾಡಿಟ್ಟಿದ್ದೆ, ಹೋದದ್ದು ಕಾಣಲೇ ಇಲ್ಲ. ಸೇವ್ ಮಾಡಿ ಮುಚ್ಚಿದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕೆಂದು ಊರಿಗೆಲ್ಲ ಉಪದೇಶ ಮಾಡುವ ಮಹಾನುಭಾವ ನಾನು, ಇಟ್ಟಿರಲಿಲ್ಲ.

ಮರುದಿನ ಮೇಸ್ತ್ರಿಯ ಎದುರು ನಕ್ಷೆ ತೆರೆದರೆ ಬದಿಹಲಗೆಗಳೇ ಇಲ್ಲ. “ಕಂಪ್ಯೂಟರ್ ನುಂಗಿಬಿಟ್ಟಿತು,” ಎಂದೆ.

“ಹಾಂಗಾರೆ ಆಯ್ತ್ ಬಿಡಿ,” ಎಂದು ಅವರು ಎದ್ದುಹೋದರು.

ಜಲಜ ಈಗ ಕೋಡಿಯಲ್ಲಿ ಬಲೆ ಹೆಣೆಯುತ್ತಾಳೆ. ನಿನ್ನೆ ಆ ಪಟ್ಟಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಾಗ, ಒತ್ತಿದ ಬೆರಳು ಯಾರದು ಎಂದು ನನಗೇ ನಾಚಿಕೆಯಾಯಿತು. ಅವಳಿಗೆ ಫೋನ್ ಮಾಡಿದೆ. “ಅವತ್ತು ಅಳಿಸಿದ್ದು ನಾನೇ, ಜಲಜಾ.”

ಅವಳು ಸಿಡಿದಳು. “ಹ್ವಾಯ್, ಅವತ್ತೇ ಹೇಳುಕೆ ಎಂತ ಆಯಿತ್ ನಿಮಗೆ? ನಿಮ್ಮ ಕೈತಪ್ಪ್ ಅಂತ ಗೊತ್ತಾರೆ ಅಪ್ಪಯ್ಯ ನಾಲ್ಕ್ ಬೈದ್, ಮತ್ತೆ ಗಂಟ್ ಹಾಕಿ ಕೊಡ್ತಿದ್ರ್. ಪೆಟ್ಟಿಗೆ ನುಂಗಿತ್ ಅಂದ್ರಿ. ನುಂಗುವ ಪೆಟ್ಟಿಗೆಗೆ ಎರಡನೇ ಸಲ ಯಾರ್ ಹಾಕ್ತ್ರ್?”

ಫೋನ್ ಕುಕ್ಕಿದಳು. ಇಷ್ಟು ವರ್ಷ ಬೈಯಲು ನನಗೊಂದು ಪಟ್ಟಿಯಾದರೂ ಇತ್ತು.