ಕುದ್ರುವಿನ ದಾರಿಯಲ್ಲಿ ಏರಿದ ನೀರು

ಭಕ್ತ ಬಂಧುಗಳೇ, ನನ್ನ ಐದು ವರ್ಷದ ಮಗಳು ಗೌರಿ ನೀರುಪಾಲಾಗಬೇಕಿತ್ತು. ಆಗಲಿಲ್ಲ. ಅದು ಹೇಗೆಂದು ಬರೆಯುತ್ತೇನೆ. ಹೇಳಿ ಹೇಳಿ ನುಣುಪಾಗಿ ಹೋದ ಭಾಗಗಳನ್ನು ಬಿಟ್ಟಿದ್ದೇನೆ. ಅವನ್ನು ನಾನೇ ನಂಬುವುದಿಲ್ಲ.

ನಾನು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹೆಂಡತಿ ನಂಜಮ್ಮನ ತವರು ಹುಣಸಮಾರನಹಳ್ಳಿ. ರಾಜ್ಯ ಒಂದಾಗಿ ಐದಾರು ವರ್ಷವಾಗಿತ್ತು. ಅವಳ ಅಣ್ಣ, ನನ್ನ ಓರಗೆಯ ಭಾವ, "ಸಮುದ್ರಾನೂ ನಮ್ದೇ ಆಯ್ತಲ್ಲ ಕಿಷ್ಣಪ್ಪ, ಒಂದ್ಸಲ ನೋಡ್ಕಂಡ್ ಬರಾನ" ಎಂದು ಹೊರಡಿಸಿದ. ಯುಗಾದಿ ಕಳೆದ ವಾರ ಅದು. ಘಟ್ಟದ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸೋತ ನಂಜಮ್ಮ ಛತ್ರದಲ್ಲೇ ಮಲಗಿದಳು. ನಾವು ಮೂವರು ಬಾರ್ಕೂರಿನ ಹಳೆಯ ಕಲ್ಲುಗುಡಿಗಳನ್ನು, ಹೆಂಚಿನ ಕಾರ್ಖಾನೆಯ ಚಿಮಣಿಯನ್ನು ನೋಡಿ ಮಧ್ಯಾಹ್ನ ಹೊಳೆಯ ದಂಡೆಗೆ ಬಂದೆವು. ಎದುರಿಗೆ ತೆಂಗಿನ ಮರಗಳ ಪುಟ್ಟ ದ್ವೀಪ. ಅಲ್ಲಿಯವರು ಕುದ್ರು ಎನ್ನುತ್ತಾರೆ. ನಡುವೆ ಕಣಕಾಲು ನೀರು.

"ಬರೋವಾಗ ನೀರು ಜಾಸ್ತಿಯಾದ್ರೆ?" ಎಂದೆ.

"ಮಳೆ ಎಲ್ಲೈತೆ ಜಾಸ್ತಿಯಾಗಕ್ಕೆ? ನಮ್ ಕೆರೆ ಇಳಿದ್ರೆ ಮಳೆಗಾಲದಗಂಟ ಅಂಗೇ ಇರಾಕಿಲ್ವಾ? ಫ್ಯಾಕ್ಟ್ರಿ ಸೇರ್ಕಂಡು ಅದೂ ಮರ್ತ್ಬುಟ್ಯಾ?" ಎಂದು ಭಾವ ನಕ್ಕ.

ದಂಡೆಯಲ್ಲಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸೊಬ್ಬಳು ಜೋರಾಗಿ ಕೈ ಬೀಸಿದಳು. ನಾವೂ ಬೀಸಿದೆವು.

ಕುದ್ರು ಸುತ್ತಿ ಮರಳುವಾಗ ಹೊಳೆ ಕಡಲ ಕಡೆಯಿಂದ ಒಳಕ್ಕೆ ಹರಿಯುತ್ತಿತ್ತು. ಕೆರೆಯ ಜನ ನಾವು, ಉಬ್ಬರ ಕಂಡವರಲ್ಲ. ಅರ್ಧ ದಾರಿಗೆ ಎದೆಮಟ್ಟ. ನನಗೆ ಈಜು ಬಾರದು. ಬಲೆ ಕಟ್ಟುವ ಗೂಟವೊಂದನ್ನು ತಬ್ಬಿಕೊಂಡೆ. ಭಾವ ಗೌರಿಯನ್ನು ಹೆಗಲ ಮೇಲೆ ಕೂರಿಸಿ, ಒಂದು ಕೈಯಿಂದ ಅವಳ ಕಾಲನ್ನೂ ಇನ್ನೊಂದರಿಂದ ನನ್ನ ಕೈಯನ್ನೂ ಹಿಡಿದಿದ್ದ. ನೀರು ಅವನ ಗದ್ದ ಮುಟ್ಟಿತು. ಆಗ ಮನೆದೇವರು ನರಸಿಂಹಸ್ವಾಮಿಯನ್ನು ಕೂಗಿದೆ: "ನನ್ನ ಮಗಳನ್ನ ಉಳಿಸಪ್ಪಾ."

ಹೆಂಚಿಗೆ ಜೇಡಿಮಣ್ಣು ಸಾಗಿಸುವ ದೋಣಿಯೊಂದು ಕಾಣಿಸಿತು. ಎಡದಿಂದ ಬಂತೋ ಬಲದಿಂದಲೋ, ಈಗ ಹೇಳಲಾರೆ. ದಿನವೂ ಕುದ್ರುವಿನ ಆಚೆ ಬದಿಯಲ್ಲಿ ಹೋಗುವವನು ಅಂದೇಕೆ ಈಚೆ ಬಂದನೆಂದು ದೋಣಿಯವನಿಗೂ ತಿಳಿಯದು.

"ಮೊದ್ಲು ಮಗು ಕೊಡಿ ಮಾರಾಯ್ರೆ!"

ಎತ್ತಿ ಕೊಡಲು ಭಾವನಿಗೆ ಎರಡೂ ಕೈ ಬೇಕಾದವು. ನನ್ನ ಕೈ ಬಿಟ್ಟ.

ಗೌರಿ ದೋಣಿಯಲ್ಲಿದ್ದಳು. ತಿರುಗಿ ನೋಡಿದರೆ ಅವನಿರಲಿಲ್ಲ. ದೇಹ ಮೂರನೆಯ ದಿನ ಸಿಕ್ಕಿತು.

ಮಗಳನ್ನು ಸೇರಿಸಿದ್ದ ಆಸ್ಪತ್ರೆಯ ಬೆಂಚಿನ ಮೇಲೆ ನಂಜಮ್ಮ ಕೇಳಿದಳು: "ನಮ್ಮಣ್ಣಂಗೂ ಬೇಡ್ಕೊಂಡ್ರಾ?"

"ಎಲ್ಲಾರ್ಗೂ" ಎಂದೆ.

ಎರಡು ವರ್ಷ ಹಾಗೆಯೇ ಹೇಳಿಕೊಂಡು ಬಂದೆ. ಕೊನೆಗೆ ಅದೇ ನನ್ನ ನೆನಪಾಗತೊಡಗಿತ್ತು. ಅದು ಸುಳ್ಳು. ನಾನು ಬೇಡಿದ್ದು ಮಗಳೊಬ್ಬಳಿಗೆ.

ಸ್ವಾಮಿ ಕೇಳಿಸಿಕೊಂಡ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಮೊದಲು ಕಾರ್ಖಾನೆಗೆ ಹೋಗುವಾಗ ಮನಸ್ಸಾದರೆ ಕೈಮುಗಿಯುತ್ತಿದ್ದೆ. ಈಗ ಶನಿವಾರ ಗುಡಿಗೆ ಹೋಗುವುದನ್ನು ತಪ್ಪಿಸುವುದಿಲ್ಲ. ಕೃತಜ್ಞತೆಯಿಂದ ಹೋಗುತ್ತೇನೆ, ಭಯದಿಂದಲೂ ಹೋಗುತ್ತೇನೆ. ನೀವು ಬೇಡುವಾಗ ಪಕ್ಕದಲ್ಲಿ ನಿಂತವರನ್ನೂ ಸೇರಿಸಿ ಬೇಡಿ. ಅವನು ಕೇಳಿಸಿಕೊಳ್ಳುತ್ತಾನೆ.

ನಿಮಗೆ ಕಳಿಸುವ ಮುನ್ನ ಇದನ್ನು ನಂಜಮ್ಮನಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ನಮ್ಮಣ್ಣನ ಎಸ್ರೇ ಬರ್ದಿಲ್ವಲ್ರೀ" ಎಂದಳು.

ಅವನ ಹೆಸರು ಮುನಿಯಪ್ಪ.